ಬೆಣ್ಣೆ ಹಚ್ಚಿದ ಸಾಲು

ಇನ್ನೂರ ಐವತ್ತೈದಕ್ಕೆ ಒಂದು ಸೇರಿಸಿದರೆ ಸೊನ್ನೆ ಬರುತ್ತದೆ.

ಇದು ನಿಮಗೆ ಇಷ್ಟು ಹೊತ್ತಿಗೆ ಗೊತ್ತಿರಬೇಕಿತ್ತು. ಶಾಲೆಯ ಲೆಕ್ಕದ ಮಾತಲ್ಲ. ನೀವು ದಿನಾ ಹತ್ತಿ ಇಳಿಯುವ ಲಿಫ್ಟಿನ ಮಾತು, ಬಟ್ಟೆ ಒಗೆಯುವ ಯಂತ್ರದ ಮಾತು, ಆಸ್ಪತ್ರೆಯ ಮಂಚದ ಪಕ್ಕ ಮಿಣುಕುವ ಪೆಟ್ಟಿಗೆಯ ಮಾತು. ಅವುಗಳ ಒಳಗೆ ಅಂಕಿಗಳಿಗೆ ಒಂದೊಂದು ಖಾನೆ ಕೊಟ್ಟಿರುತ್ತಾರೆ. ಎಂಟು ಬಿಟ್‌ಗಳ ಖಾನೆಯಲ್ಲಿ ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ ಮಾತ್ರ ಜಾಗ. ಅದಕ್ಕಿಂತ ದೊಡ್ಡದು ಬಂತೆಂದು ಖಾನೆ ಒಡೆಯುವುದಿಲ್ಲ, ಗೋಳಾಡುವುದೂ ಇಲ್ಲ. ಏನೂ ಆಗದವರ ಹಾಗೆ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. ಇನ್ನೂರ ಎಂಬತ್ತನ್ನು ತುರುಕಿದರೆ ಒಳಗೆ ಉಳಿಯುವುದು ಇಪ್ಪತ್ತನಾಲ್ಕು. ಉಳಿದದ್ದು ಎಲ್ಲಿ ಹೋಯಿತೆಂದು ಕೇಳುವವರಿಲ್ಲ. ನೀವಂತೂ ಕೇಳಿಲ್ಲ. ಲಿಫ್ಟಿನ ಕನ್ನಡಿ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದಿರಿ.

ಆ ಮನೆಯ ಕಿರಿಸೊಸೆಗೆ ಈ ಲೆಕ್ಕ ಕರತಲಾಮಲಕ. ಅವಳ ಹೊಟ್ಟೆಪಾಡೇ ಅದು.

ಮನೆ ಎಂದರೆ ಬರೀ ಮನೆಯಲ್ಲ. ಕೆಳಗಿನ ಅಂತಸ್ತು ಕಚೇರಿ, ಮಧ್ಯದ್ದು ಅಡುಗೆಮನೆ ಮತ್ತು ಅತ್ತೆಯ ಕೋಣೆ, ಮೇಲಿನದ್ದು ಇಬ್ಬರು ಗಂಡುಮಕ್ಕಳ ಸಂಸಾರ. ಮೂರನ್ನೂ ಹೊಲಿದಂತೆ ಮೆಟ್ಟಿಲ ಪಕ್ಕದ ಸಂದಿನಲ್ಲಿ ಒಂದು ಪುಟ್ಟ ಲಿಫ್ಟ್. ಮನೆಯವರ ಕಂಪನಿಯ ಮೊದಲ ಕೂಸು. ಕಂಪನಿ ಮಾಡುತ್ತಿದ್ದದ್ದು ಲಿಫ್ಟುಗಳನ್ನಲ್ಲ, ಲಿಫ್ಟಿನ ತಲೆಯನ್ನು: ಯಾವಾಗ ಬಾಗಿಲು ಹಾಕಬೇಕು, ಎಷ್ಟು ಭಾರಕ್ಕೆ ಮೋಟಾರು ಎಷ್ಟು ಬಲ ಹಾಕಬೇಕು, ಯಾವಾಗ ಗಂಟೆ ಬಾರಿಸಿ 'ಇಳೀರಪ್ಪಾ' ಅನ್ನಬೇಕು ಎಂದು ಹೇಳುವ ಪ್ರೋಗ್ರಾಂ. ಯಜಮಾನ ಅವಳ ಭಾವ, ಗಂಡನ ಅಣ್ಣ. ಬರೆಯುವವರು ಮೂವರು: ಭಾವ, ಗಂಡ, ಕಿರಿಸೊಸೆ. ಅವಳು ಕೊನೆಗೆ ಬಂದವಳಾದ್ದರಿಂದ ಅವಳ ಮೇಜು ಮೆಟ್ಟಿಲ ಕೆಳಗೆ, ಗೋಡೆಗೆ ಮುಖ ಮಾಡಿ. ಮನೆಯವರೆಲ್ಲರ ಚಪ್ಪಲಿ ಅವಳ ನೆತ್ತಿಯ ಮೇಲೇ ಹತ್ತಿ ಇಳಿಯುತ್ತಿದ್ದವು. ಯಾರು ಯಾವ ಹೊತ್ತಿಗೆ ಯಾವ ಮನಸ್ಸಿನಲ್ಲಿ ಇಳಿಯುತ್ತಿದ್ದಾರೆಂದು ಅವಳು ತಿರುಗಿ ನೋಡದೆಯೇ ಹೇಳಬಲ್ಲವಳಾಗಿದ್ದಳು.

ಅವರು ಬಳಸುತ್ತಿದ್ದದ್ದು ಫಂಕ್ಷನಲ್ ಎಂಬ ಜಾತಿಯ ಪ್ರೋಗ್ರಾಮಿಂಗ್ ಭಾಷೆಗಳ ಪೈಕಿ ಒಂದು. ಭಾವ ಅದನ್ನು ಹಟ ಹಿಡಿದು ತಾನೇ ಕಲಿತು, ತಮ್ಮನಿಗೆ ಕಲಿಸಿ, ತಮ್ಮನ ಹೆಂಡತಿಗೂ ಕಲಿಸಿದ್ದ. ಒಂದು ಕಡೆಯಿಂದ ಹಾಕಿದ್ದು ಇನ್ನೊಂದು ಕಡೆ ಬರಬೇಕು, ನಡುವೆ ಕದ್ದುಮುಚ್ಚಿ ಏನೂ ಬದಲಾಗಬಾರದು ಎನ್ನುವ ಮಡಿವಂತ ಭಾಷೆ ಅದು. ಅಲ್ಲಿ ಪ್ರತಿ ಅಂಕಿಗೂ ಟೈಪ್ ಎಂಬ ಗುರುತು. ಎಂಟು ಬಿಟ್‌ನ ಪೂರ್ಣಾಂಕ ಬೇರೆ, ಹದಿನಾರು ಬಿಟ್‌ನ ದೊಡ್ಡ ಖಾನೆಯದು ಬೇರೆ. ಇದನ್ನು ಕೇಳಿದ ಕಡೆ ಅದನ್ನು ಕೊಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ಕಂಪೈಲರ್ ಎಂದರೆ ಬರೆದದ್ದನ್ನು ಓದಿ, ತಪ್ಪು ಹುಡುಕಿ, ಸರಿಯಿದ್ದರೆ ಮಾತ್ರ ಯಂತ್ರಕ್ಕೆ ಅರ್ಥವಾಗುವಂತೆ ಮಾಡಿಕೊಡುವ ಪ್ರೋಗ್ರಾಂ. ಅದಕ್ಕೆ ಆ ಕಚೇರಿಯಲ್ಲಿದ್ದ ಹೆಸರು 'ಕೆಳಗಿನ ಅತ್ತೆ'. ಏನು ಮಾಡಿದರೂ ಒಂದು ಕೊಂಕು ತೆಗೆಯುತ್ತದೆ ಎಂದು.

"ಮೇಲಿನ ಅತ್ತೆ ಉಪ್ಪು ಜಾಸ್ತಿ ಅಂದ್ರೆ ಒಂದು ಸಲ ಅಂತಾರೆ. ಕೆಳಗಿನ ಅತ್ತೆ ಸಾಲು ಸಾಲಿಗೂ ಅಂತಾಳೆ," ಎಂದು ಮೊದಲು ಹೇಳಿದವಳು ಓರಗಿತ್ತಿ. ಮೇಲಿನ ಅತ್ತೆಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಬಂದವರಿಗೆಲ್ಲ "ನನ್ನ ತಂಗಿ ಕೆಳಗಿದ್ದಾಳೆ, ನನಗಿಂತ ಜೋರು" ಎಂದು ಪರಿಚಯ ಮಾಡಿಕೊಡುತ್ತಿದ್ದರು.

ಅತ್ತೆಯನ್ನು ಸುಮ್ಮನಾಗಿಸಲು ಏನು ಮಾಡಬೇಕು? ಬೆಣ್ಣೆ ಹಚ್ಚಬೇಕು. ಆ ಭಾಷೆಯಲ್ಲಿ ಅದಕ್ಕೂ ಒಂದು ಪದವಿತ್ತು: ಫ್ರಮ್‌ಇಂಟಿಗ್ರಲ್. ಯಾವ ಪೂರ್ಣಾಂಕವನ್ನು ಬೇಕಾದರೂ ಯಾವ ಪೂರ್ಣಾಂಕವನ್ನಾಗಿ ಬೇಕಾದರೂ ಮಾಡಿಕೊಡುವ ಪದ. ಅಂಕಿಯ ಮುಂದೆ ಅದೊಂದನ್ನು ಬರೆದರೆ ಸಾಕು, ಪರದೆಯ ಕೆಂಪೆಲ್ಲ ಹಸಿರಾಗುತ್ತಿತ್ತು. ಚಿಕ್ಕದನ್ನು ದೊಡ್ಡ ಖಾನೆಗೆ ಹಾಕುವಾಗ ಆ ಪದ ಸಾಧು. ದೊಡ್ಡದನ್ನು ಚಿಕ್ಕ ಖಾನೆಗೆ ಹಾಕುವಾಗ ಅದು ಕತ್ತರಿ. ಎರಡು ಕಡೆಯೂ ಒಂದೇ ಪದ, ಒಂದೇ ಮುಖ. ಕೆಳಗಿನ ಅತ್ತೆಗೆ ಗುರುತು ಹೊಂದಿದರೆ ಆಯಿತು. ಅಂಕಿ ಉಳಿಯಿತೋ ಅಳಿಯಿತೋ ಅವಳ ಚಿಂತೆಯಲ್ಲ.

ಕಚೇರಿಯಲ್ಲಿ ಇನ್ನೊಂದು ಕಟ್ಟುಪಾಡೂ ಇತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿಗೆ ಒತ್ತದೆ ಯಾವ ಸಾಲೂ ಹೊರಗೆ ಹೋಗುವಂತಿಲ್ಲ. ಒಳ್ಳೆಯ ನಿಯಮ. ಆದರೆ ವರ್ಷಗಳು ಕಳೆದಂತೆ ಅದಕ್ಕೊಂದು ತೂತು ಬಿದ್ದಿತ್ತು. ಫ್ರಮ್‌ಇಂಟಿಗ್ರಲ್ ಮಾತ್ರ ಸೇರಿಸಿದ ಸಾಲಾದರೆ "ಬೆಣ್ಣೆ, ಸರಿ" ಎಂದು ಎರಡೇ ಪದ ಬರೆದು ಒಪ್ಪಿಗೆ ಒತ್ತಿಬಿಡುತ್ತಿದ್ದರು. ಬೆಣ್ಣೆಯನ್ನು ಯಾರು ಸೋಸಿ ನೋಡುತ್ತಾರೆ? "ನಮ್ಮ ಭಾಷೇಲಿ ತಪ್ಪು ಮಾಡಕ್ಕೇ ಆಗಲ್ಲ ಸಾರ್," ಎಂದು ಭಾವ ಗಿರಾಕಿಗಳಿಗೆ ಹೇಳುತ್ತಿದ್ದ. ಹೇಳಿ ಹೇಳಿ ಮೂವರೂ ಅದನ್ನೇ ನಂಬಿದ್ದರು. ತಪ್ಪೇ ಆಗದ ಊರಿನಲ್ಲಿ ಕಾವಲುಗಾರ ನಿದ್ದೆ ಮಾಡದೆ ಇನ್ನೇನು ಮಾಡಿಯಾನು?

ಅವಘಡದ ಸುದ್ದಿ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಒಂದು ಮುದ್ರಣಾಲಯದ ಸಾಮಾನಿನ ಲಿಫ್ಟ್. ಲೋಡರ್ ಒಬ್ಬ ಕಾಗದದ ಬಂಡಲುಗಳನ್ನು ಹೇರಿ, ಒಳಗೇ ನಿಂತು ಮೇಲಿನ ಮಹಡಿಯ ಗುಂಡಿ ಒತ್ತಿದ್ದಾನೆ. ಬಾಗಿಲು ಹಾಕಿಕೊಂಡಿತು, ಬ್ರೇಕು ಬಿಟ್ಟಿತು, ಲಿಫ್ಟ್ ಮೇಲೆ ಹೋಗುವ ಬದಲು ಜಾರಿ ತಳದ ಹಳ್ಳಕ್ಕೆ ಬಿತ್ತು. ಬಂಡಲುಗಳು ಅವನ ಮೇಲೆ. ಎರಡೂ ಕಾಲು ಮುರಿದಿದ್ದವು.

ಭಾವ ಫೋನು ಕೆಳಗಿಟ್ಟು ಊಟದ ಮೇಜಿಗೆ ಬಂದ. ಮುಖ ಬಾಡಿತ್ತು, ಆದರೂ ಮಾತು ನಿಲ್ಲಲಿಲ್ಲ.

"ಜೀವ ಉಳಿದಿದೆ, ಅಷ್ಟೇ ಪುಣ್ಯ. ಕೇಳಿದ್ರೆ ಏನಂತಾನಂತೆ ಗೊತ್ತಾ? ಹೇರ್ತಾ ಇದ್ದಾಗ ಗಂಟೆ ಹೊಡ್ಕೊಳ್ತಾ ಇತ್ತಂತೆ. ಇನ್ನೂ ನಾಲ್ಕು ಬಂಡಲ್ ಇಟ್ಟ ಮೇಲೆ ನಿಂತೋಯ್ತಂತೆ. 'ಲಿಫ್ಟೇ ಒಪ್ಕೊಳ್ತು, ಅದಕ್ಕೇ ಗುಂಡಿ ಒತ್ದೆ' ಅಂತಾನೆ. ಎಂಥ ಕಥೆ!"

"ಯಾಕಾಗ್ಬಾರ್ದು? ಈ ಮನೆ ಗಂಡಸರ ಹೊಟ್ಟೆ ಥರ ಇರ್ಬೇಕು," ಎಂದಳು ಓರಗಿತ್ತಿ, ಅನ್ನ ಬಡಿಸುತ್ತ. "ಸ್ವಲ್ಪ ಜಾಸ್ತಿ ಆದ್ರೆ ಸಾಕು ಸಾಕು ಅಂತ ಕೂಗುತ್ತೆ. ಕೇಳದೆ ಇನ್ನೂ ಬಡಿಸಿದ್ರೆ ಸುಮ್ನೆ ಒಳಗಾಕ್ಕೊಳ್ಳುತ್ತೆ."

ಎಲ್ಲರೂ ನಕ್ಕರು. ಕಿರಿಸೊಸೆಯ ಕೈ ಮಾತ್ರ ತಟ್ಟೆಯ ಮೇಲೆ ನಿಂತುಬಿಟ್ಟಿತು. ಸ್ವಲ್ಪ ಹೆಚ್ಚಾದರೆ ಕೂಗುವುದು, ತುಂಬಾ ಹೆಚ್ಚಾದರೆ ಸುಮ್ಮನಾಗುವುದು. ಕೆಟ್ಟುಹೋದ ಯಂತ್ರ ಹೀಗೆ ಮಾಡುವುದಿಲ್ಲ. ಸುತ್ತು ಹೊಡೆದು ಸೊನ್ನೆಗೆ ಬಂದ ಅಂಕಿ ಮಾತ್ರ ಹೀಗೆ ಮಾಡುತ್ತದೆ.

"ತನಿಖೆಯವ್ರು ಏನಂತಾರೆ?" ಎಂದು ಗಂಡ ಕೇಳಿದ.

"ಆಗ್ಲೇ ಬಂದು ನೋಡಿದಾರೆ, ತೂಕದ ಪೆಟ್ಟಿಗೆ ಸರಿ ಹೊಂದಿಸಿಲ್ಲ ಅಂತಾರೆ. ಹೊಂದಿಸಿದ್ದು ನಮ್ಮ ಸ್ಪ್ಯಾನರಣ್ಣ. ಪಾಪ, ವಯಸ್ಸಾಯ್ತು ಅವನಿಗೂ."

ಸ್ಪ್ಯಾನರಣ್ಣ ಲಿಫ್ಟ್ ಮೆಕ್ಯಾನಿಕ್. ಸೊಂಟದಲ್ಲಿ ಸ್ಪ್ಯಾನರ್ ಸಿಕ್ಕಿಸಿಕೊಳ್ಳದೆ ಮದುವೆಮನೆಗೂ ಹೋಗದವನು. ಅವರ ಪ್ರೋಗ್ರಾಂ ಇರುವ ಲಿಫ್ಟುಗಳನ್ನೆಲ್ಲ ಜೋಡಿಸುವವನೂ ರಿಪೇರಿ ಮಾಡುವವನೂ ಅವನೇ. ಬಾಯಿ ಜೋರು, ಮರೆವು ಸ್ವಲ್ಪ ಜಾಸ್ತಿ, ಬೈದರೆ ಒಂದು ವಾರ ಮುಖ ಊದಿಸಿಕೊಳ್ಳುವ ಸ್ವಭಾವ. ಅವನ ತಲೆಯ ಮೇಲೆ ಗೂಬೆ ಕೂರಿಸುವುದು ಸುಲಭವಿತ್ತು, ಯಾಕೆಂದರೆ ಅವನ ತಲೆ ಯಾವಾಗಲೂ ಎಲ್ಲರಿಗೂ ಕಾಣುವ ಜಾಗದಲ್ಲಿರುತ್ತಿತ್ತು. ಪ್ರೋಗ್ರಾಮಿನ ತಲೆ ಯಾರಿಗೆ ಕಾಣುತ್ತದೆ?

ಅವಳು ಕೈ ತೊಳೆದುಕೊಂಡು ಕೆಳಗಿಳಿದಳು. ನಿಜವಾದ ಲಿಫ್ಟ್ ಬೇಕಿರಲಿಲ್ಲ. ಲಿಫ್ಟಿನೊಳಗಿನ ಭಾರ ಅಳೆದು ತೂಕದ ಪೆಟ್ಟಿಗೆ ಕಳಿಸುವ ಅಂಕಿಯನ್ನು ತಾನೇ ಟೈಪ್ ಮಾಡಿ ಪ್ರೋಗ್ರಾಂ ಏನು ಮಾಡುತ್ತದೆಂದು ನೋಡುವ ಏರ್ಪಾಡು ಅವಳ ಮೇಜಿನ ಮೇಲೇ ಇತ್ತು. ಹಿಂದೆ ಒಂದು ಹಳೆಯ ತೂಕದ ಪೆಟ್ಟಿಗೆ ಬಳಸುತ್ತಿದ್ದರು. ಅದು ಹತ್ತು ಕಿಲೋಗೆ ಒಂದು ಎಂದು ಎಣಿಸುತ್ತಿತ್ತು, ಎಂಟು ಬಿಟ್ ಧಾರಾಳವಾಗಿ ಸಾಕಿತ್ತು. ಹೊಸ ಪೆಟ್ಟಿಗೆ ಇನ್ನೂ ನಯವಾಗಿ, ಐದು ಕಿಲೋಗೆ ಒಂದು ಎಂದು ಎಣಿಸುತ್ತದೆ. ಅಂಕಿ ದೊಡ್ಡದಾಗುವುದರಿಂದ ಹದಿನಾರು ಬಿಟ್‌ನಲ್ಲಿ ಕಳಿಸುತ್ತದೆ. ಆದರೆ ಲಿಫ್ಟಿನ ಮುಖ್ಯ ಪೆಟ್ಟಿಗೆಯಲ್ಲಿ ತೂಕಕ್ಕೆಂದು ಇದ್ದ ಖಾನೆ ಹಳೆಯದೇ, ಎಂಟು ಬಿಟ್‌ನದು.

ಸಾವಿರ ಕಿಲೋದ ಲಿಫ್ಟ್ ಅದು. ಸಾವಿರದ ನೂರು ಕಿಲೋಗೆ ಗಂಟೆ ಹೊಡೆಯಬೇಕು, ಅಂದರೆ ಇನ್ನೂರ ಇಪ್ಪತ್ತು. ಅವಳು ಇನ್ನೂರ ಇಪ್ಪತ್ತು ಒತ್ತಿದಳು. ಗಂಟೆ. ಇನ್ನೂರ ಐವತ್ತು. ಗಂಟೆ. ಇನ್ನೂರ ಐವತ್ತೈದು. ಗಂಟೆ. ಒಂದು ಕ್ಷಣ ಬೆರಳು ಹಿಂದೆ ತೆಗೆದು ಮತ್ತೆ ಒತ್ತಿದಳು: ಇನ್ನೂರ ಐವತ್ತಾರು.

ಮೌನ.

ಸಾವಿರದ ನಾನೂರು ಕಿಲೋ, ಅಂದರೆ ಇನ್ನೂರ ಎಂಬತ್ತು, ಹಾಕಿದಳು. ಪರದೆ ಹಸಿರಾಗಿ ಇಪ್ಪತ್ತನಾಲ್ಕು ಎಂದಿತು. ನೂರಿಪ್ಪತ್ತು ಕಿಲೋ. ಇಬ್ಬರು ಸಣಕಲು ಮನುಷ್ಯರು ನಿಂತಿದ್ದಾರೆಂದು ಲಿಫ್ಟ್ ತಿಳಿದುಕೊಂಡಿತು. ಇಬ್ಬರು ಸಣಕಲರನ್ನು ಎತ್ತುವಷ್ಟೇ ಬಲ ಹಾಕು ಎಂದು ಮೋಟಾರಿಗೆ ಹೇಳಿತು, ಬ್ರೇಕು ಬಿಟ್ಟಿತು.

ಲಿಫ್ಟನ್ನು ಕೊಡುವ ಮೊದಲು ಸ್ಪ್ಯಾನರಣ್ಣ ಕಬ್ಬಿಣದ ಗಟ್ಟಿಗಳನ್ನಿಟ್ಟು ಪರೀಕ್ಷೆ ಮಾಡುತ್ತಿದ್ದ. ಮಿತಿಗಿಂತ ಸ್ವಲ್ಪ ಹೆಚ್ಚು ಇಡುವುದು, ಗಂಟೆ ಹೊಡೆಯಿತೇ, ಸರಿ. ಗಂಟೆ ಹೊಡೆದ ಮೇಲೂ ಇಡುತ್ತಾ ಹೋಗಿ ನೋಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಕೆಲಸ ಸರಿಯಿತ್ತು. ಲೋಡರ್‌ನ ಮಾತೂ ಸರಿಯಿತ್ತು. ಸುಳ್ಳು ಹೇಳಿದ್ದು ಇಬ್ಬರೂ ನೋಡದ ಒಂದು ಸಾಲು.

ಆ ಸಾಲನ್ನು ಯಾರು ಬರೆದರೆಂದು ಅವಳು ತೆಗೆದು ನೋಡಿದಳು. ಗಂಡ. ಒಪ್ಪಿದವರು ಯಾರು? ಅಲ್ಲಿ ಅವಳದೇ ಎರಡು ಪದ ಇದ್ದವು: "ಬೆಣ್ಣೆ, ಸರಿ."

ನೆತ್ತಿಯ ಮೇಲೆ ಗಂಡನ ಚಪ್ಪಲಿ ಇಳಿದು ಬಂದ ಸದ್ದಾಯಿತು. ಅವಳು ಕುರ್ಚಿ ತಿರುಗಿಸಿ, ಅವನೆದುರೇ ಮತ್ತೊಮ್ಮೆ ಇನ್ನೂರ ಐವತ್ತೈದು ಒತ್ತಿದಳು, ಆಮೇಲೆ ಇನ್ನೂರ ಐವತ್ತಾರು. ಅವನು ಮೆತ್ತಗಿನ ಮನುಷ್ಯ. ಇರುವೆ ಸಾಲು ಕಂಡರೆ ಹೆಜ್ಜೆ ಅಗಲ ಇಡುವವನು. ಅವನಿಗೆ ಅರ್ಥವಾಗಲು ಎರಡನೆಯ ಸಲ ಬೇಕಾಗಲಿಲ್ಲ.

"ನಾನಾ?" ಎಂದ.

"ನಾವು."

"ಅವತ್ತು ಕೆಳಗಿನ ಅತ್ತೆ ಒಂದೇ ಸಮ ಬಯ್ತಾ ಇದ್ಲು... ಅಣ್ಣ ಸಂಜೆಗೆ ಕಳಿಸ್ಬೇಕು ಅಂದಿದ್ದ..." ಅವನು ಕೆನ್ನೆ ಉಜ್ಜಿಕೊಂಡ. "ಅಣ್ಣನಿಗೆ ಹೇಳ್ಬೇಡ. ನಾನೇ ಹೇಳ್ತೀನಿ."

"ಹೇಳಿ. ಅದಕ್ಕೆ ಮೊದ್ಲು ಇದನ್ನ ಒತ್ತಿ."

ಅಷ್ಟರಲ್ಲಿ ಅವಳು ತಿದ್ದಿದ ಸಾಲು ಬರೆದಾಗಿತ್ತು. ಬೆಣ್ಣೆ ತೆಗೆದುಹಾಕಿ, 'ಅಂಕಿ ಈ ಖಾನೆಗೆ ಹಿಡಿಸುತ್ತದೆಯೇ, ಹಿಡಿಸದಿದ್ದರೆ ಅತಿ ಭಾರ ಎಂದೇ ತಿಳಿ, ಕದಲಬೇಡ' ಎಂದು ಲಿಫ್ಟಿಗೆ ಹೇಳುವ ಸಾಲು. ಅದು ಹೊರಗೆ ಹೋಗಲು ಇನ್ನೊಬ್ಬರ ಒಪ್ಪಿಗೆ ಬೇಕು. ಗಂಡ ಮೌಸಿನ ಮೇಲೆ ಕೈ ಇಟ್ಟ. ಇಟ್ಟು, ತೆಗೆದ.

"ಇದು ಹೋದ್ರೆ ಎಲ್ಲ ಗಿರಾಕಿಗಳಿಗೂ ಸೂಚನೆ ಹೋಗುತ್ತೆ. ಅಣ್ಣನ್ನ ಕೇಳಿ ಒತ್ತೋಣ."

ಆ ಹೊತ್ತಿನಿಂದ ಅವಳ ಪರದೆಯ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ ಕುಳಿತುಕೊಂಡಿತು: ಒಪ್ಪಿಗೆಗೆ ಕಾಯುತ್ತಿದೆ.

ಸಂಜೆ, ತಮ್ಮನಿಂದ ಎಲ್ಲ ಕೇಳಿದ ಮೇಲೆ, ಭಾವ ಮನೆಯವರನ್ನೆಲ್ಲ ಊಟದ ಮೇಜಿಗೆ ಕರೆದ. ಆ ಮನೆಯಲ್ಲಿ ಗಿರಾಕಿಗಳ ಸಭೆ ಕೆಳಗೆ, ಮುಖ್ಯವಾದ ಸಭೆ ಊಟದ ಮೇಜಿನಲ್ಲಿ. ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಪಕ್ಕದಲ್ಲಿದ್ದರು. ಓರಗಿತ್ತಿ ಲೋಟಗಳಿಗೆ ಚಹಾ ಸುರಿದಳು. ಯಾರೂ ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು.

"ತಪ್ಪಾಗಿದೆ ಅಂತ ನಾನೂ ಒಪ್ತೀನಮ್ಮ," ಎಂದ ಭಾವ. "ಈ ಮೇಜಿನ ಮೇಲೆ ಒಪ್ತೀನಿ. ಮೇಜು ದಾಟ್ಬಾರ್ದು, ಅಷ್ಟೇ. ಸರ್ವಿಸ್‌ಗೆ ಅಂತ ಹೋದಾಗ ಒಂದೊಂದೇ ಲಿಫ್ಟಲ್ಲಿ ಸದ್ದಿಲ್ದೆ ಬದಲಾಯಿಸ್ಕೊಂಡು ಬರೋಣ."

"ಅಷ್ಟರಲ್ಲಿ ಇನ್ಯಾರಾದ್ರೂ ಹೇರಿದ್ರೆ ಭಾವ?"

"ಅಷ್ಟೊಂದು ಯಾರು ಹೇರ್ತಾರೆ?"

"ಅವನು ಹೇರಿದ್ನಲ್ಲ."

"ಅವನು ಬುದ್ಧಿ ಇಲ್ದೆ ಹೇರ್ದ."

"ಗಂಟೆ ನಿಂತ ಮೇಲೆ ಹೇರೋದು ನಿಲ್ಸಿದ್ದಾನೆ ಭಾವ. ನಾವು ಹೇಳಿದ್ದನ್ನೇ ಕೇಳಿದ್ದಾನೆ."

ಭಾವ ಚಹಾ ಹೀರಿದ. "ತನಿಖೆಗೆ ಒಂದು ಹೇಳಿಕೆ ಕೊಡ್ಬೇಕು. ಪ್ರೋಗ್ರಾಂ ಪರೀಕ್ಷೆ ಆಗಿದೆ, ಸರಿ ಇದೆ ಅಂತ. ಒಪ್ಪಿಗೆ ಒತ್ತಿದವ್ರೇ ಸಹಿ ಹಾಕ್ಬೇಕಂತೆ. ಅಂದ್ರೆ ನೀನು."

"ಮತ್ತೆ ಸ್ಪ್ಯಾನರಣ್ಣ?"

"ಅವನನ್ನ ನಾನು ಕೈ ಬಿಡ್ತೀನಾ? ಲೈಸೆನ್ಸ್ ಹೋದ್ರೂ ಇಲ್ಲೇ ಗೇಟ್ ಹತ್ರ ಕೂತಿರ್ಲಿ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದು ಅವಳ ಬಾಯಿಂದ ಬಂದುಬಿಟ್ಟಿತು.

"ನೋಡು ತಂಗಿ," ಎಂದಳು ಓರಗಿತ್ತಿ, ಸಿಟ್ಟಿಲ್ಲದೆ. "ಆ ಎತ್ತು ನಿನ್ನ ಗಂಡ. ಊರಿಗೆ ಉಪಕಾರಿ ಆಗೋಕೆ ಹೋಗಿ ಮನೆಗೆ ಮಾರಿ ಆಗ್ಬೇಡ."

ಗಂಡ ಲೋಟದೊಳಗೆ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದವರು ಯಾರೂ ಇಲ್ಲದಿದ್ದರೂ ಅವನ ಕೈ ಹೆಗಲ ಮೇಲೇ ಇತ್ತು. ಅತ್ತೆ ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡು ಅವಳ ಮಣಿಕಟ್ಟು ಹಿಡಿದರು.

"ಮಗಳೇ, ನನ್ನ ಇಬ್ಬರು ಮಕ್ಕಳು ಒಂದೇ ತಟ್ಟೇಲಿ ಉಂಡವ್ರು. ನಿನ್ನ ಒಂದು ಮಾತಿಂದ ಈ ಮನೇಲಿ ಎರಡು ಒಲೆ ಹಚ್ಚಿಸ್ತೀಯಾ?"

ಆ ಹಿಡಿತ ಬಿಗಿಯಾಗಿರಲಿಲ್ಲ. ಬೆಚ್ಚಗಿತ್ತು. ಹೆರಿಗೆಯಾದಾಗ ಅವಳಿಗೆ ನೀರು ಹಾಕಿದ ಕೈ ಅದು. ಬಾಗಿಲಿಗೆ ಬೀಗ ಹಾಕಿದ್ದರೆ ಒಡೆಯಬಹುದು. ಇಂಥ ಕೈಯನ್ನು ಒಡೆಯುವುದು ಹೇಗೆ? ಮನೆಯೊಳಗೆ ಪ್ರೀತಿ ಇರುವಲ್ಲಿ ಅನ್ಯಾಯಕ್ಕೆ ಕಾವಲುಗಾರರು ಬೇಕಿಲ್ಲ ಎಂಬುದನ್ನು ಅವಳು ಆ ಮೇಜಿನ ಮುಂದೆ ಕಲಿತಳು. ಹೊರಗೆ ಹೋಗಿ ಬೇರೆ ಕೆಲಸ ಹುಡುಕೋಣವೆಂದರೆ, ಅವಳು ಕಲಿತದ್ದು ಅದೊಂದೇ ಭಾಷೆ, ಕಲಿಸಿದವನು ಎದುರಿಗೆ ಚಹಾ ಕುಡಿಯುತ್ತಿದ್ದವನು. ಅವಳು ಬೇರೆಲ್ಲೂ ಒಂದು ದಿನ ಕೆಲಸ ಮಾಡಿದವಳಲ್ಲ.

"ನಾನು ಯೋಚ್ನೆ ಮಾಡ್ತೀನಿ," ಎಂದಳು. ಬಿಸಿ ತುಪ್ಪ: ನುಂಗುವಂತಿಲ್ಲ, ಉಗುಳುವಂತಿಲ್ಲ.

ಮರುದಿನ ಸ್ಪ್ಯಾನರಣ್ಣನೇ ಬಂದ. ಸೊಂಟದಲ್ಲಿ ಸ್ಪ್ಯಾನರ್ ಇರಲಿಲ್ಲ. ಕಚೇರಿಯ ಹೊಸ್ತಿಲಲ್ಲಿ ನಿಂತು, ಎಂದೂ ಇಲ್ಲದಂತೆ, ಒಳಗೆ ಬರಬಹುದೇ ಎಂದು ಕೇಳಿದ. ಭಾವ ಅವನನ್ನು ಕುರ್ಚಿಯ ಮೇಲೆ ಕೂರಿಸಿ ಬೆನ್ನು ಸವರಿದ.

"ಯಜಮಾನ್ರೇ, ನಿಮ್ಮ ಹೆಸರಿಗೆ ಮಸಿ ಬಳಿದ್ನಲ್ಲ ನಾನು," ಎಂದ ಅವನು. "ಆ ಹುಡುಗನ ಕಾಲು ನೋಡ್ದೆ. ನೋಡಕ್ಕಾಗ್ಲಿಲ್ಲ. ತೂಕದ ಪೆಟ್ಟಿಗೆ ತಿರುಪು ಬಿಗಿ ಮಾಡಿದ್ನೋ ಇಲ್ವೋ ಅಂತ ಎಷ್ಟು ಸಲ ಯೋಚ್ನೆ ಮಾಡಿದ್ರೂ ಮಾಡಿದ ಹಾಗೇ ಅನ್ಸುತ್ತೆ. ಮಾಡಿಲ್ಲ ಅಂತ ಕಾಣುತ್ತೆ. ವಯಸ್ಸಾಯ್ತು."

"ಆಗೋದೆಲ್ಲ ಒಳ್ಳೇದಕ್ಕೆ ಬಿಡೋ," ಎಂದ ಭಾವ.

ಮೆಟ್ಟಿಲ ಕೆಳಗಿನಿಂದ ಕಿರಿಸೊಸೆ ಎದ್ದು ಬಂದಳು. ಗಂಡ ಎದ್ದು ನಿಂತ.

"ಅಣ್ಣಾ, ನೀವು ಬಿಗಿ ಮಾಡಿದ್ರಿ. ನೀವು ಮಾಡಿದ್ದು ಸರಿಯಾಗೇ ಇತ್ತು. ಆ ಹುಡುಗ ಹೇಳಿದ್ದೂ ನಿಜ, ಗಂಟೆ ನಿಂತಿದ್ದು ನಿಜ. ನಮ್ಮ ಪ್ರೋಗ್ರಾಂ ದೊಡ್ಡ ಅಂಕಿನ ಚಿಕ್ಕ ಖಾನೆಗೆ ತುರುಕಿದೆ. ಸಾವಿರದ ನಾನೂರು ಕಿಲೋ ನೂರಿಪ್ಪತ್ತಾಗಿದೆ. ಬನ್ನಿ, ತೋರಿಸ್ತೀನಿ."

ಸ್ಪ್ಯಾನರಣ್ಣ ಅವಳನ್ನು ನೋಡಿದ. ಕಣ್ಣು ತುಂಬಿ ಬಂತು. ಎದ್ದು ಅವಳೆದುರು ಕೈ ಮುಗಿದ.

"ತಾಯಿ, ನೀವು ದೊಡ್ಡವ್ರು. ನನ್ನ ಉಳಿಸೋಕೆ ನಿಮ್ಮ ಮನೆಯವ್ರ ಮೇಲೆ ಸುಳ್ಳು ಹಾಕ್ಕೊಳ್ತೀರಲ್ಲ. ಬೇಡ ತಾಯಿ. ಯಜಮಾನ್ರೇ ಹೇಳಿದಾರೆ, ಆ ಭಾಷೇಲಿ ತಪ್ಪು ಮಾಡಕ್ಕೇ ಆಗಲ್ಲ ಅಂತ. ನನ್ನ ಕೈನೇ ತಪ್ಪಿದ್ದು."

"ಅಣ್ಣಾ, ಒಂದು ಸಲ ಪರದೆ ನೋಡಿ..."

"ಪರದೆ ನೋಡಿ ನನಗೇನು ತಿಳಿಯುತ್ತೆ ತಾಯಿ? ನೀವು ಹಸಿರು ಅಂದ್ರೆ ಹಸಿರು, ಕೆಂಪು ಅಂದ್ರೆ ಕೆಂಪು. ಅಳಿಸ್ಬೇಡಿ ನನ್ನ."

ಭಾವ ಅವನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದ. ನಿಜವನ್ನು ಬಾಯಿಬಿಟ್ಟು ಹೇಳಿಯಾಗಿತ್ತು, ಅದು ಕರುಣೆಯ ಲೆಕ್ಕಕ್ಕೆ ಜಮೆಯಾಗಿ ಹೋಯಿತು. ಅವಳು ಗಂಡನ ಕಡೆ ತಿರುಗಿ, "ನೀವಾದ್ರೂ ಹೇಳ್ಬಹುದಿತ್ತು," ಎಂದಳು. ಅವನು "ಅವನು ನಂಬ್ತಿರ್ಲಿಲ್ಲ," ಎಂದ. ಎಂಥ ಮಾತು! ಹೇಳದಿರುವುದಕ್ಕೆ ಕೇಳುವವನ ಕಿವಿಯನ್ನು ದೂರುವುದು.

ವಿಚಾರಣೆಯ ದಿನ ಕಾರಿನ ಹಿಂದಿನ ಸೀಟಿನಲ್ಲಿ ಅವಳು ನಡುವೆ ಕುಳಿತಳು, ಒಂದು ಕಡೆ ಗಂಡ, ಇನ್ನೊಂದು ಕಡೆ ಭಾವ. ತನಿಖೆಯ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಮೂವರೂ ಮೆಟ್ಟಿಲು ಹತ್ತಿದರು. ಲಿಫ್ಟಿನ ಬಗ್ಗೆ ಎಲ್ಲ ಬಲ್ಲವರು ಆ ದಿನ ಲಿಫ್ಟ್ ಹತ್ತಲಿಲ್ಲ.

ತನಿಖಾಧಿಕಾರಿ ಕೆಟ್ಟವನಲ್ಲ, ಅವಸರದವನು. ಸ್ಪ್ಯಾನರಣ್ಣ ಗೋಡೆಗೆ ಒರಗಿ ನಿಂತಿದ್ದ. ಅಧಿಕಾರಿ ಹೇಳಿಕೆಯ ಹಾಳೆಯನ್ನು ಅವಳ ಮುಂದೆ ತಳ್ಳಿದ.

"ಪ್ರೋಗ್ರಾಂ ಪರೀಕ್ಷೆ ಆಗಿದೆಯಾ?"

"ಆಗಿದೆ. ಆದ್ರೆ..."

"ಆಗಿದೆ ಅಲ್ವಾ, ಇಲ್ಲಿ ಸಹಿ ಹಾಕಿ."

"ಹಾಕಲ್ಲ."

ಅಧಿಕಾರಿ ಮೊದಲ ಸಲ ತಲೆಯೆತ್ತಿದ. "ಯಾಕೆ?"

"ಸರಿ ಇಲ್ಲ, ಅದಕ್ಕೆ. ಹದಿನಾರು ಬಿಟ್ ಅಂಕಿನ ಎಂಟು ಬಿಟ್‌ಗೆ..."

"ನಮ್ಮ ಹುಡುಗಿಗೆ ಸ್ವಲ್ಪ ಮೈ ಸರಿಯಿಲ್ಲ ಸಾರ್," ಎಂದ ಭಾವ, ಮಗುವಿನ ಕೆನ್ನೆ ತಟ್ಟುವ ದನಿಯಲ್ಲಿ. "ಆ ಮೆಕ್ಯಾನಿಕ್ ಅಂದ್ರೆ ಮನೆಯವ್ನ ಹಾಗೆ. ಬಹಳ ಹಚ್ಕೊಂಡಿದಾಳೆ. ಯಜಮಾನ ನಾನು, ನಾನೇ ಹಾಕ್ಬಹುದಾ?"

"ನನ್ನ ಮೈ ಸರಿಯಾಗೇ ಇದೆ ಸಾರ್. ಅಂಕಿ ಸರಿಯಿಲ್ಲ."

"ನೋಡಮ್ಮ," ಎಂದ ಅಧಿಕಾರಿ, "ಕಂಪನಿ ಅಂದ್ಮೇಲೆ ಒಂದೇ ಬಾಯಿ. ನಿಮಗೆ ಹೇಳೋದಿದ್ರೆ ಯಜಮಾನರ ಮೂಲಕ ಬರಹದಲ್ಲಿ ಕಳಿಸಿ. ಒಳಗಿನವ್ರು ಒಬ್ಬೊಬ್ರೂ ಒಂದೊಂದು ಹೇಳ್ತಾ ಹೋದ್ರೆ ನಾನು ಯಾರ್ದು ಬರ್ಕೊಳ್ಲಿ? ಲಿಫ್ಟ್ ಬಳಸೋ ಸಾರ್ವಜನಿಕರು ಯಾರಾದ್ರೂ ಪ್ರಶ್ನೆ ಎತ್ತಿದ್ರೆ ಮತ್ತೆ ತೆರೀಬೇಕಾಗುತ್ತೆ, ಅದು ನಿಯಮ. ಇಲ್ಲಿವರೆಗೆ ಒಬ್ರೂ ಬಂದಿಲ್ಲ."

ಅಧಿಕಾರಿ ಹಾಳೆಯನ್ನು ಭಾವನ ಕಡೆ ತಿರುಗಿಸಿದ, ಭಾವ ಸಹಿ ಹಾಕಿದ. ಗೋಡೆಯ ಕಡೆಯಿಂದ ಸ್ಪ್ಯಾನರಣ್ಣ ಮೆಲ್ಲಗೆ, "ಬಿಡಿ ತಾಯಿ," ಎಂದ.

ಮನೆಗೆ ಬಂದರು. ಸಹಿ ಹಾಕದಿದ್ದಕ್ಕೆ ಬೈಗುಳವಿಲ್ಲ, ಮುನಿಸಿಲ್ಲ. ಓರಗಿತ್ತಿ ಅವಳಿಗೆ ಇಷ್ಟದ ಪಲ್ಯ ಮಾಡಿದಳು. ಬೆಳಿಗ್ಗೆ ಕೆಳಗಿಳಿದು ನೋಡಿದರೆ ಮೆಟ್ಟಿಲ ಕೆಳಗಿನ ಮೇಜಿನ ಮೇಲೆ ಕಂಪ್ಯೂಟರ್ ಇರಲಿಲ್ಲ. ಧೂಳು ಬೀಳದ ಚೌಕ ಮಾತ್ರ ಉಳಿದಿತ್ತು. "ಸ್ವಲ್ಪ ದಿನ ರೆಸ್ಟ್ ತಗೊಳಮ್ಮ," ಎಂದ ಭಾವ ಮೇಲಿನಿಂದಲೇ. ಅವಳ ತಿದ್ದಿದ ಸಾಲು ಎಲ್ಲಿದೆಯೆಂದು ಗಂಡನನ್ನು ಕೇಳಿದಳು. "ಹಾಗೇ ಇದೆ, ಹಳದಿ ಚುಕ್ಕೇಲಿ. ಅಣ್ಣ ಹೇಳಿದ ತಕ್ಷಣ ಒತ್ತೋದೇ," ಎಂದ. ಒಂದು ಬೆರಳಿನ ಕೆಲಸ ಅದು. ಆ ಬೆರಳಿನಿಂದ ಅವನು ಅವಳ ಹಣೆಯ ಕೂದಲನ್ನು ಹಿಂದೆ ಸರಿಸಿದ.

ಸ್ಪ್ಯಾನರಣ್ಣನ ಲೈಸೆನ್ಸ್ ಹೋಯಿತು. ಈಗ ಅವನು ಗೇಟಿನ ಹತ್ತಿರದ ಸ್ಟೂಲಿನ ಮೇಲೆ ಕೂರುತ್ತಾನೆ. ಬಂದವರಿಗೆ ಬಾಗಿಲು ತೆಗೆಯುತ್ತಾನೆ. ಅವಳು ಕಂಡರೆ ಎದ್ದು ನಿಲ್ಲುತ್ತಾನೆ. ಅದೊಂದನ್ನು ಅವಳಿಂದ ಸಹಿಸಲಾಗುವುದಿಲ್ಲ. ತರಕಾರಿಗೆಂದು ಹೊರಗೆ ಹೋದರೂ ಅವಳಿಗೆ ಬೀದಿ ಬೀದಿಯಾಗಿ ಕಾಣುವುದಿಲ್ಲ. ಈ ಪೀಠೋಪಕರಣದ ಅಂಗಡಿ, ಹೊಸ ಪೆಟ್ಟಿಗೆ. ಆ ಹೋಟೆಲ್ಲು, ಹೊಸ ಪೆಟ್ಟಿಗೆ. ಮಕ್ಕಳ ಆಸ್ಪತ್ರೆಯ ಹಿಂಬದಿಯ ಸಾಮಾನಿನ ಲಿಫ್ಟ್, ಹೊಸ ಪೆಟ್ಟಿಗೆ. ಒಂದು ಸಲ ಆ ಅಂಗಡಿಯವನ ಎದುರು ನಿಂತು ಹೇಳಿಯೂ ನೋಡಿದಳು. ಅವನು ನಗುತ್ತ, "ನಿಮ್ಮ ಯಜಮಾನ್ರಿಗೆ ಫೋನ್ ಮಾಡಿ ಕೇಳ್ತೀನಿ ಬಿಡಿ," ಎಂದ. ಮಾಡಿಯೂ ಮಾಡಿದ. ಸಂಜೆ ಅತ್ತೆ ಮತ್ತೆ ಅವಳ ಮಣಿಕಟ್ಟು ಹಿಡಿದು ಕುಳಿತರು.

ಅವಳಿಗೆ ಎಲ್ಲ ಗೊತ್ತಿದೆ, ಯಾರು ಕೇಳಿದರೂ ಹೇಳಲು ಸಿದ್ಧಳಿದ್ದಾಳೆ. ಕೇಳಬೇಕಾದವರು ಆ ಮನೆಯೊಳಗೆ ಯಾರೂ ಇಲ್ಲ. ಮನೆಯ ಹೊರಗಿರುವವರು ನೀವು. ಲಿಫ್ಟ್ ಬಳಸುವ ಸಾರ್ವಜನಿಕರು ಎಂದು ಆ ಅಧಿಕಾರಿ ಹೇಳಿದ್ದು ಇನ್ನಾರನ್ನೂ ಅಲ್ಲ. ನಿಮ್ಮ ಕಟ್ಟಡದಲ್ಲಿ, ನಿಮ್ಮ ಮಗು ಮಲಗಿರುವ ಆಸ್ಪತ್ರೆಯಲ್ಲಿ, ನಿಮ್ಮ ಸಾಮಾನು ಹೊತ್ತು ತರುವವನು ನಿಂತಿರುವ ಲಿಫ್ಟಿನಲ್ಲಿ ಆ ಸಾಲು ಇದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಹಕ್ಕು ಮಾತ್ರ ಪೂರಾ ನಿಮ್ಮದು. ಅಯ್ಯೋ ಪಾಪ ಎಂದು ಪುಟ ಮಗುಚಬೇಡಿ. ಅವಳಿಗೆ ಪಾಪ ಎನ್ನುವವರು ಮನೆ ತುಂಬ ಇದ್ದಾರೆ. ತನಿಖೆಯ ಕಚೇರಿಯಿರುವ ಆ ಮೂರನೆಯ ಮಹಡಿಗೆ ಹತ್ತಿ ಹೋಗಿ. ಒಪ್ಪಿಗೆ ಒತ್ತಿದ ಹೆಂಗಸನ್ನು ಒಬ್ಬಳನ್ನೇ ಕರೆಸಿ, ಅವಳ ಮಾತನ್ನು ನಡುವೆ ಕತ್ತರಿಸದೆ ಕೊನೆಯವರೆಗೆ ಬರೆದುಕೊಳ್ಳಿ ಎಂದು ನಿಮ್ಮ ಹೆಸರಿನಲ್ಲಿ ಬರೆದು ಕೊಡಿ. ಇವತ್ತೇ ಕೊಡಿ.